ಮಿಂಚುಳ್ಳಿಯ ನೀಲಿ

ಮಲ್ಲತ್ತಹಳ್ಳಿ ಕೆರೆ ಬದಿಯ ತಂತಿಯ ಮೇಲೆ ಕೂತ ಗದ್ದೆ ಮಿಂಚುಳ್ಳಿಗೆ ಕತ್ತೇ ಇದ್ದಂತೆ ಕಾಣದು. ಭುಜಕ್ಕೆ ಅಂಟಿದ ಕಂದು ತಲೆ, ಮೈಗೆ ಮೀರಿದ ಕೆಂಪು ಕೊಕ್ಕು, ಇದೆಯೋ ಇಲ್ಲವೋ ಎಂಬಷ್ಟು ಗಿಡ್ಡ ಕಾಲು. ಇದನ್ನು ಮರದಲ್ಲಿ ಮಾಡಹೊರಟವರು ಮೊದಲು ಹಿಡಿಯಬೇಕಾದದ್ದು ಈ ನಿಲುವನ್ನು. ಗರಿಯ ಮಾತು ಆಮೇಲೆ.

ಚನ್ನಪಟ್ಟಣದ ಗೊಂಬೆಯ ಆಲೆಮರ ಈ ಕೆಲಸಕ್ಕೆ ಹೇಳಿಮಾಡಿಸಿದ್ದು. ಬಿಳುಪು, ನುಣುಪು, ಒತ್ತಾದ ಎಳೆ. ಪಕ್ಕದಿಂದ ಕಾಣುವ ಆಕಾರ, ಮೇಲಿಂದ ಕಾಣುವ ಆಕಾರ ಎರಡನ್ನೂ ಗುರುತು ಹಾಕಿ ಕೊಯ್ದು, ಉಳಿಯಿಂದ ಮೂಲೆಗಳನ್ನು ಇಳಿಸುತ್ತಾ ಬರಬೇಕು. ಹಕ್ಕಿಯ ಮೊಣಕಾಲೆಂದು ನಾವು ತಿಳಿದಿರುವುದು ಅದರ ಹಿಮ್ಮಡಿಯ ಗಂಟು; ಮೊಣಕಾಲು ಹೊಟ್ಟೆಯ ಗರಿಯೊಳಗೆ ಅಡಗಿರುತ್ತದೆ. ಇದನ್ನರಿಯದೆ ಕಾಲು ಕೂಡಿಸಿದ ಹಕ್ಕಿ ಮುಗ್ಗರಿಸುವಂತೆ ಕಾಣುತ್ತದೆ.

ನನಗೆ ಅತಿ ಪ್ರಿಯವಾದ ಘಟ್ಟ ಕಣ್ಣು. ಗಾಜಿನ ಕಣ್ಣನ್ನು ಕುಳಿಯಲ್ಲಿ ಕೂರಿಸಿ, ಎಂ-ಸೀಲನ್ನು ನೂಲಿನಷ್ಟು ಸಣ್ಣಗೆ ಹೊಸೆದು ಸುತ್ತಲೂ ರೆಪ್ಪೆ ಕಟ್ಟಬೇಕು. ಅಲ್ಲಿಯವರೆಗೆ ಹಕ್ಕಿ ಬೆಚ್ಚಿಬಿದ್ದಂತಿರುತ್ತದೆ. ಸೂಜಿಮೊನೆಯಿಂದ ಮೇಲಿನ ರೆಪ್ಪೆಯನ್ನು ಕೂದಲೆಳೆಯಷ್ಟು ಇಳಿಸಿದರೆ ಸಾಕು, ನೀರಿನಲ್ಲಿ ಮೀನು ಹುಡುಕತೊಡಗುತ್ತದೆ.

ಅಮೆರಿಕದ ಕ್ರಿಸ್‌ಫೀಲ್ಡ್‌ನಲ್ಲಿ ಕ್ಷೌರದ ಕಸುಬಿನ ಲೆಮ್ ಮತ್ತು ಸ್ಟೀವ್ ವಾರ್ಡ್ ಸಹೋದರರು ಬೇಟೆಗಾರರ ದೀಮದ ಬಾತುಗಳನ್ನು ಕೆತ್ತುತ್ತಲೇ ಹಕ್ಕಿ ಕೆತ್ತನೆಯನ್ನು ಕಲೆಯಾಗಿಸಿದರು. ಈಗಿನವರು ಕಾದ ಮೊನೆಯಿಂದ ಗರಿಯ ಒಂದೊಂದು ಎಳೆಯನ್ನೂ ಸುಟ್ಟು ಮೂಡಿಸುತ್ತಾರೆ. ದೊಡ್ಡ ಸಾಧನೆಯೇ. ಆದರೂ ನನ್ನ ಮನಸ್ಸು ಬೇಲೂರಿನತ್ತ ವಾಲುತ್ತದೆ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನ ಗುಡಿಯ ಶುಕಭಾಷಿಣಿ ಶಿಲ್ಪದ ಗಿಳಿಗೆ ಬಣ್ಣವೂ ಇಲ್ಲ, ಗಾಜಿನ ಕಣ್ಣೂ ಇಲ್ಲ. ಬಳಪದ ಕಲ್ಲು, ಅದರ ಮೇಲೆ ಬೀಳುವ ಬೆಳಕು, ಇಷ್ಟರಲ್ಲೇ ಅದು ಗಿಳಿ. ಎಷ್ಟು ಕೆತ್ತಬೇಕೆಂಬುದರ ಜೊತೆಗೆ ಎಲ್ಲಿ ಉಳಿ ಇಳಿಸಬೇಕೆಂಬುದೂ ಆ ಶಿಲ್ಪಿಗೆ ಗೊತ್ತಿತ್ತು.

ಮಿಂಚುಳ್ಳಿಗೆ ಮಾತ್ರ ಬಣ್ಣ ಬೇಕೇಬೇಕು. ಅದರ ನೀಲಿ ಹುಟ್ಟುವುದು ಗರಿಯೆಳೆಯೊಳಗಿನ ಅತಿಸೂಕ್ಷ್ಮ ರಚನೆ ಬೆಳಕನ್ನು ಚದುರಿಸುವುದರಿಂದ. ಡಬ್ಬಿಯ ನೀಲಿಯನ್ನು ಹಾಗೇ ಬಳಿದರೆ ಕಾಂಪೌಂಡ್ ಗೇಟಿನಂತಾಗುತ್ತದೆ. ತಳಕ್ಕೆ ಕಪ್ಪುಗಂದು ಕೊಟ್ಟು, ನೀರಾಗಿಸಿದ ನೀಲಿಯನ್ನು ತೆಳುವಾಗಿ, ಪದರದ ಮೇಲೆ ಪದರವಾಗಿ, ಅಡಿಯ ಕಪ್ಪು ಇಣುಕುವಂತೆ, ಬಾಲದ ಕಡೆಗೇ ಎಳೆಯುತ್ತಾ ಹಚ್ಚಬೇಕು. ಒಂದು ಪದರ ಒಣಗುವ ಮುಂಚೆ ಇನ್ನೊಂದನ್ನು ಹಚ್ಚಿದರೆ ನೀಲಿ ಕದಡಿ ಬೂದುಬಣ್ಣವಾಗುತ್ತದೆ. ಆಗ ಮರ ಕಾಣುವವರೆಗೆ ಉಜ್ಜಿ ಮತ್ತೆ ತಳದಿಂದಲೇ ಶುರುಮಾಡಬೇಕು.