ಸಿಟೌಟಿನಲ್ಲಿ ಕೂರುವವರು ಯಾರು?

ಬೆಂಗಳೂರಿನಲ್ಲಿ ಮನೆ ಕಟ್ಟಿಸುವವರ ನಕ್ಷೆಯಲ್ಲಿ ಸಿಟೌಟ್ ಇಲ್ಲದಿರುವುದು ಅಪರೂಪ. ಮುಂಬಾಗಿಲ ಎದುರು ಹತ್ತಡಿಗೆ ಹನ್ನೆರಡಡಿ ಜಾಗ, ಎರಡು ಕಂಬ, ಮೇಲೊಂದು ಆರ್‌ಸಿಸಿ ಚಾವಣಿ. ಗೃಹಪ್ರವೇಶದ ದಿನ ಅಲ್ಲಿ ಶಾಮಿಯಾನದವರ ಕುರ್ಚಿಗಳು ಸಾಲಾಗುತ್ತವೆ, ನೆಂಟರು ಕಾಫಿ ಹೀರುತ್ತ ಟೈಲ್ಸಿನ ಬೆಲೆ ವಿಚಾರಿಸುತ್ತಾರೆ. ಆರು ತಿಂಗಳು ಕಳೆಯಲಿ. ಚಪ್ಪಲಿ ಸ್ಟ್ಯಾಂಡು, ಖಾಲಿ ನೀರಿನ ಕ್ಯಾನು, ಗಾಳಿ ಇಳಿದ ಸೈಕಲ್ಲು, ಒಣಗಲೆಂದು ಬಿಚ್ಚಿಟ್ಟ ಕೊಡೆ: ಸಿಟೌಟಿನಲ್ಲಿ ಕೂತವರೆಂದರೆ ಇಷ್ಟೇ. ಮನೆಯವರು ಒಳಗೆ ಟ್ಯೂಬ್‌ಲೈಟಿನಡಿ ಇರುತ್ತಾರೆ.

ಯಾಕೆಂದು ಕೇಳಿದರೆ ಕಾರಣ ಬಾಯಲ್ಲೇ ಇದೆ. ಏಪ್ರಿಲ್‌ನಲ್ಲಿ ಬಿಸಿಲು, ಜುಲೈನಲ್ಲಿ ಎರಚಲು, ಅಕ್ಟೋಬರ್‌ನಲ್ಲಿ ಸೊಳ್ಳೆ, ಜನವರಿಯಲ್ಲಿ ಥಂಡಿ. ಕಳೆದು ಕೂಡಿಸಿದರೆ ವರ್ಷಕ್ಕೆ ಎರಡು ತಿಂಗಳೂ ದಕ್ಕುವುದಿಲ್ಲ. ಆಗ ಅಲ್ಯೂಮಿನಿಯಂ ಕೆಲಸದವರಿಗೆ ಫೋನು ಹೋಗುತ್ತದೆ, ಸುತ್ತಲೂ ಗಾಜು ಬರುತ್ತದೆ. ಹೊರಗೆ ಕೂರುವ ಜಾಗ ಅಂದಿಗೆ ಮುಗಿಯಿತು. ಮನೆಗೆ ಸೆಕೆಯ ಕೋಣೆಯೊಂದು ಹೆಚ್ಚಾಯಿತು.

ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಲ್ಲಿ ಮಾತ್ರ ಜಗಲಿಗೆ ಯಾರೂ ಗಾಜು ಹಾಕಿಸಲಿಲ್ಲ. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದ ಅಲ್ಲಿನ ದೊಡ್ಡಮನೆಯನ್ನು ನೋಡಿದವರಿಗೆ ಕಂಬಸಾಲಿನ ಆ ಜಗಲಿ ನೆನಪಿರುತ್ತದೆ. ಕೊಡಗಿನ ಐನ್‌ಮನೆಗಳ ಮುಂಭಾಗದಲ್ಲೂ ಇಂಥದ್ದೇ ಒಂದು ಜಾಗವಿದೆ, ಹೆಸರು ಕಯ್ಯಾಲೆ. ಅದರ ಕಂಬಗಳ ನಡುವಿನ ಮೋಟುಗೋಡೆಯ ಮೇಲೆ ಅಗಲವಾದ ಮರದ ಹಲಗೆ ಕೂರಿಸಿರುತ್ತಾರೆ. ಅದು ಐಮರ, ಮನೆಯ ಹಿರಿಯರು ಕೂರುವ ಸ್ಥಳ. ಗೋಡೆಯೇ ಆಸನವೂ ಆದದ್ದರಿಂದ ನೆಲದ ಮೇಲೆ ಕುರ್ಚಿಗಳ ಗದ್ದಲವಿಲ್ಲ, ಕೂತವರ ಬೆನ್ನಿಗೆ ಕಂಬದ ಆಸರೆಯೂ ಸಿಕ್ಕಿತು.

ಮಳೆಗಾಲವೆಂದರೆ ಒಳಗೆ ಸೇರಿಕೊಳ್ಳುವ ಕಾಲ ಎಂಬುದನ್ನು ಕರಾವಳಿಯವರು ಒಪ್ಪಲಿಕ್ಕಿಲ್ಲ. ಮೇ ಕೊನೆಯ ವಾರ ಬರುವ ಪತ್ತನಾಜೆಯ ದಿನ ಯಕ್ಷಗಾನ ಮೇಳಗಳ ತಿರುಗಾಟ ನಿಲ್ಲುತ್ತದೆ. ಬಯಲಾಟಕ್ಕೆ ಬಯಲೇ ಇಲ್ಲದ ಆ ತಿಂಗಳುಗಳಲ್ಲಿ ಹೊರಡುವುದು ಚಿಕ್ಕಮೇಳ. ಭಾಗವತರು, ಚೆಂಡೆ, ಮದ್ದಳೆ, ವೇಷ ಕಟ್ಟಿದ ಒಬ್ಬಿಬ್ಬರು. ಸಂಜೆಯಾದ ಮೇಲೆ ಮನೆಮನೆಗೆ ಬರುತ್ತಾರೆ. ಮನೆಯವರು ಚಾವಡಿ ಗುಡಿಸಿ, ದೀಪ ಹಚ್ಚಿ, ಅಕ್ಕಿ, ತೆಂಗಿನಕಾಯಿ, ವೀಳ್ಯದೆಲೆ ಇಟ್ಟಿರುತ್ತಾರೆ. ಹೊರಗೆ ಹೆಂಚಿನಿಂದ ನೀರು ಧಾರೆಯಾಗಿ ಇಳಿಯುತ್ತಿರುತ್ತದೆ, ಒಳಗೆ ಕಾಲು ಗಂಟೆಯ ಪ್ರಸಂಗ. ಗೆಜ್ಜೆಕಾಲು ಸುತ್ತು ಹಾಕುವಷ್ಟು ಒಣನೆಲ ಆ ಜಡಿಮಳೆಯಲ್ಲೂ ಅಲ್ಲಿ ಉಳಿದಿರುತ್ತದೆ.

ಅಷ್ಟು ನೆಲ ಒಣಗಿ ಉಳಿದದ್ದು ಹೇಗೆ? ಮೊದಲ ಕಾರಣ ಸೂರಿನ ತಗ್ಗು. ಮಲೆನಾಡಿನ ಹಳೆ ಮನೆಗಳಲ್ಲಿ ಎತ್ತರದ ಆಳು ತಲೆ ತಗ್ಗಿಸಿಯೇ ಜಗಲಿ ಹತ್ತಬೇಕು. ಅದನ್ನು ವಿನಯದ ಪಾಠವೆಂದು ಹೇಳುವವರಿದ್ದಾರೆ. ಬಡಗಿಗೆ ಅದು ಸರಳ ಲೆಕ್ಕ. ಗಾಳಿಗೆ ಮಳೆ 45 ಡಿಗ್ರಿ ಓರೆಯಾದರೆ, ಸೂರಿನಂಚು ನೆಲದಿಂದ ಎಷ್ಟು ಎತ್ತರವೋ ಅಷ್ಟೇ ದೂರ ಎರಚಲು ಒಳಗೆ ಬರುತ್ತದೆ. ಒಂಬತ್ತಡಿಯ ಅಂಚಾದರೆ ಒಂಬತ್ತಡಿ, ಆರಡಿಯದಾದರೆ ಆರಡಿ. ಇಂದಿನ ಸಿಟೌಟುಗಳ ಚಾವಣಿ ಹತ್ತಡಿ ಎತ್ತರದಲ್ಲಿ ಚಪ್ಪಟೆಯಾಗಿ ನಿಂತಿರುತ್ತದೆ. ಹತ್ತಡಿ ಆಳದ ನೆಲ ಪೂರ್ತಿ ನೆನೆಯುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಎರಡನೆಯದು ತಟ್ಟಿ. ಮುಂಗಾರಿಗೆ ಮುನ್ನ ಅಡಕೆಯ ಸೋಗೆಯನ್ನೋ ತೆಂಗಿನ ಮಡಲನ್ನೋ ಹೆಣೆದು ಗಾಳಿ ಬೀಸುವ ದಿಕ್ಕಿಗೆ ಕಟ್ಟುವುದು, ಮಳೆ ಹೋದ ಮೇಲೆ ಬಿಚ್ಚಿ ಒಲೆಗೋ ಗೊಬ್ಬರಕ್ಕೋ ಹಾಕುವುದು. ನಾಲ್ಕು ತಿಂಗಳಿಗಾಗಿ ಕಟ್ಟಿದ್ದು ನಾಲ್ಕೇ ತಿಂಗಳು ಇರುತ್ತಿತ್ತು. ಈಗಿನ ಗಾಜಿನ ಕೆಲಸ ಎಡವುವುದು ಇಲ್ಲಿಯೇ. ಜುಲೈ ತಿಂಗಳ ತೊಂದರೆಗೆ ಕೂರಿಸಿದ ಗಾಜು ಏಪ್ರಿಲ್‌ನಲ್ಲೂ ಅಲ್ಲೇ ಇರುತ್ತದೆ. ಬಿಸಿಲನ್ನು ಒಳಗೆ ಬಿಟ್ಟುಕೊಂಡು ಅದರ ಕಾವನ್ನು ಹೊರಗೆ ಬಿಡದೆ ಹಿಡಿದಿಡುತ್ತದೆ. ಎರಡು ಹಳಿಯ ಸ್ಲೈಡಿಂಗ್ ಕಿಟಕಿಯನ್ನು ಎಷ್ಟೇ ತಳ್ಳಿದರೂ ತೆರೆಯುವುದು ಅರ್ಧ ಮಾತ್ರ.

ಹಾಗಾಗಿ ಸಿಟೌಟನ್ನು ವರ್ಷವಿಡೀ ಬಳಸಬೇಕೆಂದರೆ ಹೊಸ ಗೋಡೆ ಬೇಕಿಲ್ಲ. ಒಂದೊಂದು ಕಾಲಕ್ಕೆ ಒಂದೊಂದು ಪರದೆ ಬೇಕು, ಆ ಕಾಲ ಮುಗಿದ ಮೇಲೆ ಅದನ್ನು ಸುತ್ತಿಡಲು ಅಟ್ಟದಲ್ಲಿ ಜಾಗ ಬೇಕು. ಯಾವ ಪರದೆ ಯಾವ ಬದಿಗೆ ಎಂದು ಹೇಳುವುದು ಸೂರ್ಯ.

ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ಇಲ್ಲಿ ನೆಟ್ಟಗೆ ನಿಂತ ಕಂಬಕ್ಕೆ ನಡುಹಗಲು ನೆರಳೇ ಇರುವುದಿಲ್ಲ. ಈ ಎರಡು ದಿನಗಳ ನಡುವಿನ ತಿಂಗಳುಗಳಲ್ಲಿ ನಡುಹಗಲಿನ ಸೂರ್ಯ ಉತ್ತರದ ಕಡೆ ಇರುತ್ತಾನೆ. ಮೇ ತಿಂಗಳ ನಡುಹಗಲಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಸಿಟೌಟ್ ಪೂರ್ತಿ ನೆರಳಲ್ಲಿರುವುದು ಅದರಿಂದಲೇ. ಡಿಸೆಂಬರಿನಲ್ಲಿ ಇದೇ ಸೂರ್ಯ ದಕ್ಷಿಣಕ್ಕೆ ಸರಿದು, ನಡುಹಗಲಲ್ಲೂ ಸುಮಾರು 53 ಡಿಗ್ರಿ ಎತ್ತರದಲ್ಲಷ್ಟೇ ನಿಲ್ಲುತ್ತಾನೆ. ಆಗ ಎಂಟಡಿ ಎತ್ತರದ ಸೂರಿನಡಿ ಬಿಸಿಲು ಆರಡಿ ಒಳಕ್ಕೆ ಬಂದು ಚಳಿಗಾಲದ ಕಾಲುಗಳನ್ನು ಕಾಯಿಸುತ್ತದೆ. ದಕ್ಷಿಣದ ಸಿಟೌಟ್ ಸಿಕ್ಕವರು ಅದನ್ನು ಹಾಗೇ ಬಿಟ್ಟರೆ ಸಾಕು.

ಪಶ್ಚಿಮದ ಕತೆ ಬೇರೆ. ಬೇಸಿಗೆಯ ಸಂಜೆ ಐದಕ್ಕೆ ಸೂರ್ಯ ಎಷ್ಟು ಕೆಳಗಿರುತ್ತಾನೆಂದರೆ, ಅದೇ ಎಂಟಡಿ ಎತ್ತರದ ಸೂರಿನಡಿ ಬಿಸಿಲು ಹದಿನೆಂಟು ಅಡಿ ಒಳಗೆ ನುಗ್ಗಬಲ್ಲದು. ಬಾಗಿಲು ತೆರೆದಿದ್ದರೆ ಹಾಲಿನ ಸೋಫಾಕ್ಕೂ ಪಾಲು ಸಿಗುತ್ತದೆ. ಅಲ್ಲಿ ಸೂರನ್ನು ಮುಂದಕ್ಕೆ ಚಾಚಿ ಪ್ರಯೋಜನವಿಲ್ಲ, ಅಡ್ಡಕ್ಕೆ ಏನಾದರೂ ಇಳಿಯಬೇಕು. ಹಳೆ ಬೆಂಗಳೂರಿನ ಬಂಗಲೆಗಳವರು ಇದನ್ನು ಮರದ ಪಟ್ಟಿಗಳಿಂದ ಮಾಡಿದರು. ಮಂಕಿ ಟಾಪ್ ಎಂದು ಹೆಸರಾದ ಆ ಚೂಪು ಮುಸುಕುಗಳು ಮತ್ತು ವರಾಂಡದ ಜಾಲಂಧ್ರಗಳು ಬಿಸಿಲನ್ನು ಸೋಸಿ ಗಾಳಿಯನ್ನು ಒಳಗೆ ಬಿಡುತ್ತಿದ್ದವು. ಇಂದು ಆ ಮರಗೆಲಸಕ್ಕೆ ಕೈಹಾಕುವವರು ಕಡಿಮೆ. ಬಿದಿರಿನ ಚಿಕ್ ಪರದೆ ಅದೇ ಕೆಲಸವನ್ನು ಕಡಿಮೆ ಖರ್ಚಿನಲ್ಲಿ ಮಾಡುತ್ತದೆ. ಒಂದೇ ಮಾತು: ಅದು ಸೂರಿನಂಚಿನ ಹೊರಬದಿಗೆ ತೂಗಬೇಕು. ಒಳಬದಿಗೆ ಕಟ್ಟಿದರೆ ಕಾದ ಬಿದಿರು ತನ್ನ ಕಾವನ್ನು ಕೂತವರಿಗೇ ಕೊಡುತ್ತದೆ.

ಮಳೆಗೂ ಇಂಥದ್ದೇ ದಿಕ್ಕಿನ ಲೆಕ್ಕವಿದೆ. ಮುಂಗಾರು ಪಶ್ಚಿಮದಿಂದ ಬೀಸುತ್ತದೆ, ಹಿಂಗಾರು ಈಶಾನ್ಯದಿಂದ. ಬೆಂಗಳೂರಿನಲ್ಲಿ ಅತಿ ಹೆಚ್ಚು ಮಳೆ ಬೀಳುವುದು ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ, ಅದೂ ಬಹುಪಾಲು ಸಂಜೆ ಹೊತ್ತು. ಸಿಟೌಟಿನಲ್ಲಿ ಕೂರುವ ಹೊತ್ತೂ ಅದೇ. ಬಿದಿರಿನ ಚಿಕ್ ಒಂದು ಮಳೆ ತಡೆದೀತು. ವಾರವಿಡೀ ನೆನೆದರೆ ಬೂಸ್ಟು ಹಿಡಿಯುತ್ತದೆ. ಮಳೆಗಾಲಕ್ಕೆ ಅದನ್ನು ಇಳಿಸಿಟ್ಟು, ಪಾರದರ್ಶಕ ಪಿವಿಸಿ ಪರದೆಯನ್ನು ಏರಿಸುವುದು ಜಾಣತನ. ಮಳೆ ಕಾಣುತ್ತದೆ, ಮೈಗೆ ತಾಗುವುದಿಲ್ಲ. ಕೆಳಗಂಚಿಗೆ ಕೊಳವೆ ಸೇರಿಸಿ ಎರಡು ಬದಿಗೆ ಪಟ್ಟಿ ಕಟ್ಟದಿದ್ದರೆ ಗಾಳಿಗೆ ಹಾಯಿಯಂತೆ ಉಬ್ಬಿ ಕಾಫಿ ಲೋಟ ಬೀಳಿಸುತ್ತದೆ. ಒದ್ದೆಯಿರುವಾಗಲೇ ಸುತ್ತಿಟ್ಟರೆ ಮುಂದಿನ ವರ್ಷ ಮಸುಕಾಗಿ ಅಂಟಿಕೊಂಡಿರುತ್ತದೆ. ಬಟ್ಟೆಯಂತೆ ಒಣಗಿಸಿಯೇ ಮಡಚಬೇಕು.

ಪರದೆಗಿಂತ ಮುಖ್ಯ ಎನಿಸಬಹುದಾದದ್ದು ತಲೆಯ ಮೇಲಿನ ಚಾವಣಿ. ತಗಡಿನ ಶೀಟಿನ ಕೆಳಗೆ ಮಾರ್ಚ್ ತಿಂಗಳ ಮಧ್ಯಾಹ್ನ ಕೂತವರಿಗೆ ವಿವರಣೆ ಬೇಕಿಲ್ಲ, ಅದರ ಮೇಲೆ ಮಳೆ ಬಿದ್ದಾಗ ಮಾತೂ ಕೇಳುವುದಿಲ್ಲ. ಪಾಲಿಕಾರ್ಬೊನೇಟ್ ಶೀಟು ಬೆಳಕಿನ ಜೊತೆ ಬಿಸಿಲನ್ನೂ ಇಳಿಸುತ್ತದೆ. ಇರುವ ಶೀಟನ್ನು ಕೀಳಿಸಲಾಗದವರು ಅದರಡಿ ಒಂದು ಗೇಣು ಬಿಟ್ಟು ಬಿದಿರಿನ ಚಾಪೆ ಬಡಿಸಲಿ. ನಡುವಿನ ಗಾಳಿ ಎರಡೂ ತುದಿಯಿಂದ ಹೊರಹೋಗುವಂತಿದ್ದರೆ ಕಾವು ಕೆಳಗಿಳಿಯುವುದು ಕಡಿಮೆಯಾಗುತ್ತದೆ. ಹೊಸದಾಗಿ ಮಾಡುವವರಿಗೆ ಮಂಗಳೂರು ಹೆಂಚು ಇದ್ದೇ ಇದೆ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಕಾರ್ಖಾನೆ ತೆರೆದಾಗಿನಿಂದ ಈ ಹೆಂಚು ರೀಪಿನ ಮೇಲೆ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕೂರುತ್ತಿದೆ. ಸಂದುಗಳಲ್ಲಿ ಬಿಸಿಗಾಳಿ ಹೊರಹೋಗುತ್ತದೆ, ಇಳಿಜಾರಿಗೆ ಸೂರು ತಾನಾಗಿ ತಗ್ಗಿ ಬರುತ್ತದೆ. ಮಂಗ ಓಡಾಡುವ ಊರಾದರೆ ವರ್ಷಕ್ಕೊಮ್ಮೆ ಹೆಂಚು ಕೈಯಾಡಿಸುವ ಖರ್ಚು ಮಾತ್ರ ತಪ್ಪದು. ಹೊಸ ಚಾವಣಿ ಸೆಟ್‌ಬ್ಯಾಕ್ ಜಾಗಕ್ಕೆ ಚಾಚುವಂತಿದ್ದರೆ ನಿಯಮವನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಕಲಬುರಗಿ, ರಾಯಚೂರಿನ ಒಣಸೆಕೆಗೆ ಲಾವಂಚದ ತಟ್ಟಿಯಷ್ಟು ಸೊಗಸಾದ ಉಪಾಯ ಇನ್ನೊಂದಿಲ್ಲ. ಬೇರಿನ ಚಾಪೆಗೆ ನೀರು ಚಿಮುಕಿಸಿದರೆ, ಆವಿಯಾಗುವ ನೀರು ಗಾಳಿಯ ಕಾವನ್ನು ಎಳೆದುಕೊಳ್ಳುತ್ತದೆ, ತಂಪಿನ ಜೊತೆ ಪರಿಮಳವೂ ಬರುತ್ತದೆ. ಅದನ್ನೇ ಮಂಗಳೂರಿಗೆ ಒಯ್ದರೆ ಪರಿಮಳವಷ್ಟೇ ಉಳಿಯುತ್ತದೆ. ಆಗಲೇ ತೇವ ತುಂಬಿದ ಗಾಳಿಯಲ್ಲಿ ನೀರು ಆವಿಯಾಗುವುದಾದರೂ ಎಲ್ಲಿಗೆ? ಅಲ್ಲಿ ಫ್ಯಾನೇ ಗತಿ. ಹಳೆ ಮಾದರಿಯ ಸೀಲಿಂಗ್ ಫ್ಯಾನು 75 ವಾಟ್‌ನಷ್ಟು ವಿದ್ಯುತ್ ಎಳೆದರೆ, ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸಿನಲ್ಲಿ ಮುಗಿಸುತ್ತದೆ. ಹೊರಗಿನ ತೇವಕ್ಕೆಂದೇ ಮಾಡಿದ್ದನ್ನು ಕೊಳ್ಳಬೇಕು. ಪ್ಲೈವುಡ್ ರೆಕ್ಕೆಯದು ಎರಡು ಮಳೆಗಾಲಕ್ಕೆ ಬಾಗುತ್ತದೆ.

ಫ್ಯಾನಿನಿಂದ ಇನ್ನೊಂದು ಉಪಕಾರವಿದೆ. ಸೊಳ್ಳೆಗೆ ಗಾಳಿಗೆದುರು ಹಾರುವ ಬಲವಿಲ್ಲ. ಕಾಲಿನ ಮಟ್ಟದಲ್ಲಿ ಒಂದು ಪೆಡಸ್ಟಲ್ ಫ್ಯಾನು ಬೀಸುತ್ತಿದ್ದರೆ ಸೊಳ್ಳೆಬತ್ತಿಯ ಹೊಗೆ ಕುಡಿಯುವ ಕಷ್ಟ ಬಹಳಷ್ಟು ತಪ್ಪುತ್ತದೆ. ಸುತ್ತಲೂ ಜಾಲರಿ ಹೊಡೆಸುವವರು, ಅದು ಗಾಳಿಯನ್ನೂ ತಡೆಯುತ್ತದೆಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು. ಕರಾವಳಿಯಲ್ಲಾದರೆ ಉಪ್ಪುಗಾಳಿಗೆ 304ಕ್ಕಿಂತ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಜಾಲರಿ ಹೆಚ್ಚು ಬಾಳುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರಲು ವಾರ, ಹತ್ತು ದಿನ ಸಾಕು. ಸಿಟೌಟಿನ ಚೆಂದಕ್ಕೆಂದು ಇಟ್ಟ ಹೂಕುಂಡದ ತಟ್ಟೆಯನ್ನು ಪ್ರತಿ ಭಾನುವಾರ ಬಗ್ಗಿಸಿ ಚೆಲ್ಲುವುದನ್ನು ಮರೆಯುವಂತಿಲ್ಲ.

ಮೊದಲ ಮಳೆಯ ಸಂಜೆ ಗೆದ್ದಲು ರೆಕ್ಕೆ ಕಟ್ಟಿಕೊಂಡು ದೀಪಕ್ಕೆ ಮುತ್ತುವುದು ಎಲ್ಲರಿಗೂ ಗೊತ್ತು. ಬಿಳಿ ಎಲ್‌ಇಡಿಗೆ ಬರುವಷ್ಟು ಹುಳು ಹಳದಿ ಛಾಯೆಯ 2,700 ಕೆಲ್ವಿನ್ ದೀಪಕ್ಕೆ ಬರುವುದಿಲ್ಲ. ದೀಪವನ್ನು ತಲೆಯ ಮೇಲಿನ ಬದಲು ದೂರದ ಗೋಡೆಗೆ ಹಾಕಿಸಿದರೆ, ಬಂದ ಹುಳುಗಳೂ ಅಲ್ಲೇ ಸುತ್ತುತ್ತವೆ. ತಟ್ಟೆಯ ಬಜ್ಜಿ ಬಜ್ಜಿಯಾಗಿಯೇ ಉಳಿಯುತ್ತದೆ.

ನೆಲದ ವಿಷಯದಲ್ಲಿ ರುಚಿಗೂ ಕಾಲಿಗೂ ಜಗಳ. ರೆಡ್ ಆಕ್ಸೈಡಿನ ಕಾವಿ ನೆಲಕ್ಕೆ ಸಾಟಿಯಾದ ತಂಪಿಲ್ಲ. ಬರಿಗಾಲು ಸವೆಸಿದಷ್ಟೂ ಅದರ ಹೊಳಪು ಏರುತ್ತದೆ. ಆದರೆ ಎರಚಲು ಬಿದ್ದ ಕಾವಿ ನೆಲ ಜಾರುತ್ತದೆ, ಮನೆಯಲ್ಲಿ ಎಪ್ಪತ್ತು ದಾಟಿದವರಿದ್ದರೆ ಅದು ಸಣ್ಣ ಮಾತಲ್ಲ. ಗೋಡೆಯ ಕಡೆಯ ಐದಾರು ಅಡಿಗೆ ಕಾವಿ, ಹೊರ ಅಂಚಿಗೆ ಒರಟು ಮೇಲ್ಮೈಯ ಸಾದಹಳ್ಳಿ ಗ್ರಾನೈಟು ಅಥವಾ ಪಾಲಿಷ್ ಮಾಡದ ಶಹಾಬಾದ್ ಕಲ್ಲು ಹಾಸಿದರೆ ರಾಜಿಯಾಗುತ್ತದೆ. ಹತ್ತಡಿಗೆ ಒಂದಿಂಚಿಗಿಂತ ತುಸು ಹೆಚ್ಚು ಇಳಿಜಾರು ಹೊರಗಡೆಗೆ ಇರಲಿ. ಇದನ್ನು ಮೇಸ್ತ್ರಿಗೆ ಬಾಯಲ್ಲಿ ಹೇಳಿ ಸುಮ್ಮನಾಗದೆ, ಕಲ್ಲು ಕೂರಿಸಿದ ದಿನವೇ ಒಂದು ಬಕೆಟ್ ನೀರು ಸುರಿದು ನೋಡಬೇಕು.

ಪೀಠೋಪಕರಣಕ್ಕೆ ಬಂದರೆ, ಬೆತ್ತ ಚೆಂದ, ಮಳೆಗಾಲದ ತೇವಕ್ಕೆ ಬೂಸ್ಟು ಹಿಡಿಯುತ್ತದೆ. ತೇಗದ ಚೌಕಟ್ಟಿಗೆ ಕ್ಯಾನ್‌ವಾಸ್ ಹಾಕಿದ ಆರಾಮಕುರ್ಚಿ ಮಡಚಿಡಲೂ ಬರುತ್ತದೆ, ಬಟ್ಟೆ ಬಿಚ್ಚಿ ಒಗೆಯಲೂ ಬರುತ್ತದೆ. ಧಾರವಾಡದ ಕಡೆಯವರು ಜೋಕಾಲಿ ಇಲ್ಲದೆ ಪಡಸಾಲೆಯನ್ನು ಪಡಸಾಲೆ ಎನ್ನಲಿಕ್ಕಿಲ್ಲ. ಸಿಟೌಟಿನಲ್ಲೂ ಅದಕ್ಕೆ ತಾವಿದೆ, ಹಿಂದೆ ಮುಂದೆ ಮೂರು ಮೂರು ಅಡಿ ಬಿಡಬೇಕಷ್ಟೆ. ಕೊಕ್ಕೆಯನ್ನು ಚಾವಣಿಯ ತೊಲೆಗೇ ಬಿಗಿಸಬೇಕು. ಡಿಸೆಂಬರಿನ ಸಂಜೆಗೆ ಕಾಲಡಿ ನವಲಗುಂದದ ಜಮಖಾನ ಹಾಸಿ, ಹೆಗಲಿಗೊಂದು ಶಾಲು ಹೊದ್ದರೆ ಬೆಂಗಳೂರಿನ ಥಂಡಿಗೆ ಸಾಕು. ಮಡಿಕೇರಿಯ ಚಳಿಗೆ ಕೆಂಡದ ಅಗ್ಗಿಷ್ಟಿಕೆ ಬೇಕೆನಿಸಬಹುದು. ಆಗ ಪರದೆಗಳನ್ನು ಎತ್ತಿ ಕಟ್ಟಿಯೇ ಹೊತ್ತಿಸಬೇಕು, ಸುತ್ತ ಮುಚ್ಚಿದ ಜಾಗದಲ್ಲಿ ಇದ್ದಿಲ ವಿಷಾನಿಲ ವಾಸನೆಯಿಲ್ಲದೆ ತುಂಬಿಕೊಳ್ಳುತ್ತದೆ.

ಇಷ್ಟನ್ನೂ ಒಂದೇ ಸಲ ಕೊಳ್ಳಬೇಕಿಲ್ಲ. ಮೊದಲ ಖರ್ಚು ಒಂದು ಸೀಮೆಸುಣ್ಣ. ರಜೆಯ ದಿನವೊಂದರಲ್ಲಿ ಬೆಳಗ್ಗೆ ಎಂಟಕ್ಕೆ, ನಡುಹಗಲಿಗೆ, ಸಂಜೆ ಐದಕ್ಕೆ ಬಿಸಿಲು ಎಲ್ಲಿಯವರೆಗೆ ಬಂತೆಂದು ಸಿಟೌಟಿನ ನೆಲದ ಮೇಲೆ ಗೆರೆ ಎಳೆಯುವುದು. ಜೋರು ಮಳೆ ಬಂದು ನಿಂತ ಕೂಡಲೇ ಒದ್ದೆಯ ಅಂಚಿಗೆ ಇನ್ನೊಂದು ಗೆರೆ. ಬಿಸಿಲೂ ಎರಚಲೂ ಮುಟ್ಟದ ನಾಲ್ಕಡಿ ಮೂಲೆಯೊಂದು ಹೆಚ್ಚಿನ ಸಿಟೌಟುಗಳಲ್ಲಿ ಸಿಕ್ಕೇ ಸಿಗುತ್ತದೆ. ಆರಾಮಕುರ್ಚಿ ಅಲ್ಲಿಗೆ ಹೋಗಬೇಕು. ಸದ್ಯಕ್ಕೆ ಆ ಮೂಲೆಯಲ್ಲಿ ಚಪ್ಪಲಿ ಸ್ಟ್ಯಾಂಡು ಕೂತಿರುತ್ತದೆ.