ಜಮಾಖರ್ಚಿನ ಕಥೆಗಾರ

ಓ. ಹೆನ್ರಿಯ ಹೆಸರೆತ್ತಿದೊಡನೆ ಕಥೆಯ ಕೊನೆಯ ತಿರುವಿನ ಮಾತು ತೆಗೆಯುವುದು ಓದುಗರಲ್ಲಿ ರೂಢಿಯಾಗಿಬಿಟ್ಟಿದೆ. ಆ ತಿರುವಿಗಾಗಿಯೇ ಅವನನ್ನು ಕೊಂಡಾಡುವ ಅಭಿಮಾನಿಗಳೂ, ಆ ತಿರುವಿನ ದೆಸೆಯಿಂದಲೇ ಅವನನ್ನು ಅಗ್ಗದ ಕಸುಬುದಾರನೆಂದು ಹಳಿಯುವ ವಿಮರ್ಶಕರೂ ಕಥೆಯ ನಡುಭಾಗವನ್ನು ಅವಸರದಲ್ಲಿ ದಾಟಿಹೋದವರೆಂದೇ ನನ್ನ ಗುಮಾನಿ. ನಾನಾದರೋ ಅವನನ್ನು ಓದುವುದು ಹಣಕಾಸಿನ ಲೆಕ್ಕಕ್ಕಾಗಿ.

1905ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ 'ವರ್ಲ್ಡ್' ಪತ್ರಿಕೆಯ ಭಾನುವಾರದ ಸಂಚಿಕೆಯಲ್ಲಿ ಬೆಳಕು ಕಂಡ 'ದ ಗಿಫ್ಟ್ ಆಫ್ ದ ಮೇಜೈ' ಕಥೆಯನ್ನೇ ನೋಡಿ. ಮನೆಯ ಬಾಡಿಗೆ ವಾರಕ್ಕೆ 8 ಡಾಲರು. ಗಂಡನ ಸಂಬಳ 30ರಿಂದ 20ಕ್ಕೆ ಇಳಿದಿದೆ. ಹೆಂಡತಿ ಡೆಲ್ಲಾ ಪೈಸೆಗೆ ಪೈಸೆ ಕೂಡಿಟ್ಟುದು 1 ಡಾಲರು 87 ಸೆಂಟು. ಮೊಣಕಾಲು ಮುಟ್ಟುವ ಕೇಶರಾಶಿಯನ್ನು ಮಾರಿದಾಗ ಬಂದುದು 20 ಡಾಲರು. ಗಂಡನ ಗಡಿಯಾರಕ್ಕೊಪ್ಪುವ ಸರಪಣಿಗೆ ತೆತ್ತುದು 21. ಮರಳಿ ಮನೆಗೆ ತಂದುದು 87 ಸೆಂಟು. ಶಿಲ್ಕು ಚೊಕ್ಕವಾಗಿ ತಾಳೆಯಾಗುತ್ತದೆ. ಆದರೆ ಮೊದಲ ಸಾಲುಗಳಲ್ಲಿಯೇ ಒಂದು ತೊಡಕಿದೆ: ಕೂಡಿಟ್ಟ ಹಣದಲ್ಲಿ 60 ಸೆಂಟು ಒಂಟಿ ಸೆಂಟಿನ ಬಿಲ್ಲೆಗಳಂತೆ; ಉಳಿದ 127 ಸೆಂಟನ್ನು ಐದು, ಹತ್ತು, ಇಪ್ಪತ್ತೈದರ ನಾಣ್ಯಗಳಿಂದ ಹೇಗೆ ಜೋಡಿಸಿದರೂ ಎರಡು ಸೆಂಟು ಹೊರಗುಳಿಯುತ್ತದೆ. ಟಂಕಸಾಲೆ ಎಂದೋ ಕೈಬಿಟ್ಟಿದ್ದ ಎರಡು, ಮೂರು ಸೆಂಟಿನ ಹಳೆಯ ನಾಣ್ಯಗಳು ಅವಳ ಗಂಟಿನಲ್ಲಿ ಇದ್ದಿರಬಹುದೆಂದು ವಾದಿಸುವ ಭಕ್ತರೂ ಉಂಟು!

ಈ ತೊಡಕು ಮತ್ತಾವ ಲೇಖಕನದಾಗಿದ್ದರೂ ನಾನು ಲಕ್ಷಿಸುತ್ತಿರಲಿಲ್ಲ. ಓ. ಹೆನ್ರಿ ಎಂಬ ಕಾವ್ಯನಾಮದ ವಿಲಿಯಂ ಸಿಡ್ನಿ ಪೋರ್ಟರನು 1862ರಲ್ಲಿ ಉತ್ತರ ಕೆರೊಲಿನದ ಗ್ರೀನ್ಸ್‌ಬರೋದಲ್ಲಿ ಹುಟ್ಟಿ, ತಂದೆಯ ಸೋದರನ ಔಷಧದಂಗಡಿಯಲ್ಲಿ ತೂಕ ಅಳತೆಗಳನ್ನು ಕಲಿತು, ಮುಂದೆ ಟೆಕ್ಸಾಸಿನ ಆಸ್ಟಿನ್ ನಗರದ ಬ್ಯಾಂಕೊಂದರ ಗಲ್ಲಾದಲ್ಲಿ ಕುಳಿತು ಪರರ ಹಣ ಎಣಿಸಿದವನು. ಅಲ್ಲಿಯ ಲೆಕ್ಕದಲ್ಲಿ ಕೊರತೆ ಕಂಡುಬಂದಿತು. ವಿಚಾರಣೆಗೆ ಹಾಜರಾಗದೆ ಅವನು 1896ರಲ್ಲಿ ಹೊಂಡುರಾಸಿಗೆ ಓಡಿದನು. ಕ್ಷಯರೋಗದಿಂದ ಹೆಂಡತಿ ಸಾಯುತ್ತಿರುವಳೆಂಬ ಸುದ್ದಿ ತಲುಪಿದ ಮೇಲೆ ತಾನಾಗಿಯೇ ಹಿಂತಿರುಗಿದನು. 1898ರಲ್ಲಿ ಐದು ವರ್ಷದ ಶಿಕ್ಷೆ ಹೊತ್ತು ಓಹಿಯೋ ಸೆರೆಮನೆ ಸೇರಿದನು. ಹಣ ಅವನೇ ತಿಂದನೋ, ಅಂಕೆಯಿಲ್ಲದೆ ನಡೆಯುತ್ತಿದ್ದ ಆ ಬ್ಯಾಂಕಿನ ಶೈಥಿಲ್ಯಕ್ಕೆ ಅವನು ಬಲಿಯಾದನೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಸೆರೆಮನೆಯ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಔಷಧಗಾರನಾಗಿದ್ದುಕೊಂಡೇ ಅವನು ಕಥೆ ಬರೆದು ಪತ್ರಿಕೆಗಳಿಗೆ ಕಳುಹಿಸುತ್ತಿದ್ದನು. ತಂದೆ ಕೆಲಸದ ಮೇಲೆ ಪರಸ್ಥಳಕ್ಕೆ ಹೋಗಿರುವನೆಂದೇ ಮಗಳು ಮಾರ್ಗರೆಟಳನ್ನು ನಂಬಿಸಲಾಗಿತ್ತು.

1901ರಲ್ಲಿ ಬಿಡುಗಡೆಯಾಗಿ, ಮರುವರ್ಷ ನ್ಯೂಯಾರ್ಕು ಸೇರಿ, ವಾರಕ್ಕೊಂದು ಕಥೆ, ಕಥೆಗೆ 100 ಡಾಲರು ಎಂಬ ಕರಾರಿನಲ್ಲಿ 'ವರ್ಲ್ಡ್' ಪತ್ರಿಕೆಗೆ ಬರೆಯತೊಡಗಿದನು. ಆ ಅವಸರದ ಬೆಳೆಯಲ್ಲಿ ಜೊಳ್ಳೂ ಸಾಕಷ್ಟಿದೆ. 1910ರಲ್ಲಿ, ಐವತ್ತು ತುಂಬುವ ಮೊದಲೇ, ಕುಡಿತದಿಂದ ಜರ್ಝರಿತನಾಗಿ ತೀರಿಕೊಂಡನು.

ಅವನ ಕೃತಿಗಳಲ್ಲಿ ನನಗೆ ಪ್ರಿಯವಾದುದು ನ್ಯಾಶ್‌ವಿಲ್ ನಗರದಲ್ಲಿ ನಡೆಯುವ 'ಎ ಮುನಿಸಿಪಲ್ ರಿಪೋರ್ಟ್'. ಮೂಲೆ ಹರಿದ, ನಡುವೆ ಸೀಳಿ ನೀಲಿ ತೆಳುಕಾಗದದ ತೇಪೆ ಹಚ್ಚಿಸಿಕೊಂಡ ಒಂದು ಡಾಲರಿನ ನೋಟನ್ನು ನಿರೂಪಕನು ಮುದಿ ಗಾಡಿಯವನಿಗೆ ಬಾಡಿಗೆಯೆಂದು ಕೊಡುತ್ತಾನೆ. ಸ್ವಲ್ಪ ಹೊತ್ತಿನಲ್ಲಿಯೇ ಅದೇ ನೋಟು ಬಡತನವನ್ನು ಮುಚ್ಚಿಟ್ಟು ಬಾಳುವ ಲೇಖಕಿಯೊಬ್ಬಳ ಕೈಯಲ್ಲಿ, ಅತಿಥಿಯ ಚಹಾಕ್ಕಾಗಿ ಅಂಗಡಿಗೆ ಹೊರಟಿರುತ್ತದೆ. ಸಂಜೆ ಅವಳ ಗಂಡ, ದುಡಿಯಲೊಲ್ಲದ ಜಂಬಗಾರ, ಹೋಟೆಲಿನ ಮದ್ಯದ ಕಟ್ಟೆಯ ಮೇಲೆ ಠೀವಿಯಿಂದ ಎಸೆಯುವುದೂ ಅದನ್ನೇ. ಯಾರು ಯಾರನ್ನು ಸಾಕುತ್ತಿದ್ದಾರೆ, ಯಾರು ಯಾರನ್ನು ಸುಲಿಯುತ್ತಿದ್ದಾರೆ ಎಂದು ಕರ್ತೃ ಬಾಯಿಬಿಟ್ಟು ಹೇಳುವುದಿಲ್ಲ. ನೋಟು ಕೈ ಬದಲಿಸಿದಂತೆಲ್ಲ ಅದು ನಮಗೇ ಅರಿವಾಗುತ್ತದೆ. ಕೊನೆಯಲ್ಲಿ ಒಂದು ಕೊಲೆಯೂ, ತಿರುವೂ ಇವೆ. ಅವೆರಡನ್ನೂ ಕಿತ್ತುಹಾಕಿದರೂ ಈ ಕಥೆ ನಿಂತೀತೆಂದು ನಾನು ಪಣ ಕಟ್ಟಬಲ್ಲೆ.