ಪಹಣಿ ಇಲ್ಲದವನ ಬೆಳೆ

ಕತೆ, ಕವಿತೆಗಳನ್ನು ಮಾತ್ರ ವಿಮರ್ಶೆ ಮಾಡಬೇಕು ಅಂತ ಯಾರೂ ಬರೆದಿಟ್ಟಿಲ್ಲ. ಸರ್ಕಾರದ ಆದೇಶವೂ ಒಂದು ಬರಹವೇ. ಯಾರು ಲೆಕ್ಕಕ್ಕಿದ್ದಾರೆ, ಯಾರು ಲೆಕ್ಕಕ್ಕಿಲ್ಲ ಅನ್ನೋದನ್ನ ಅದರ ಪದಗಳೇ ಬಾಯಿಬಿಡುತ್ತವೆ.

2020ರ ಮಾರ್ಚ್ 25ರಿಂದ ಲಾಕ್‌ಡೌನ್ ಬಂತು. ಕಲಾಸಿಪಾಳ್ಯದ ತರಕಾರಿ ಮಾರುಕಟ್ಟೆಯನ್ನು ಮುಚ್ಚಿ, ಸಗಟು ವ್ಯಾಪಾರವನ್ನು ಊರಾಚೆಯ ಸಿಂಗೇನ ಅಗ್ರಹಾರಕ್ಕೆ ಸಾಗಿಸಿದರು. ಪಕ್ಕದ ಕೃಷ್ಣರಾಜ ಮಾರುಕಟ್ಟೆಯೂ ತಿಂಗಳುಗಟ್ಟಲೆ ಬಾಗಿಲು ಹಾಕಿತು. ಮದುವೆಯಿಲ್ಲ, ಜಾತ್ರೆಯಿಲ್ಲ. ಹೂವು ಗಿಡದಲ್ಲೇ ಒಣಗಿತು, ತರಕಾರಿ ಹೊಲದಲ್ಲೇ ಕೊಳೆಯಿತು.

ಮೇ 6ರಂದು ಮುಖ್ಯಮಂತ್ರಿ ಯಡಿಯೂರಪ್ಪ 1,610 ಕೋಟಿ ರೂಪಾಯಿಯ ಪರಿಹಾರ ಘೋಷಿಸಿದರು. ಹೂವಿನ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ, ಒಂದು ಹೆಕ್ಟೇರಿನ ಮಿತಿಯಲ್ಲಿ. ಆಮೇಲೆ ಹಣ್ಣು, ತರಕಾರಿಗೆ 15,000. ಜೋಳ ಅಲ್ಲ, ಮೆಕ್ಕೆಜೋಳ ಬೆಳೆದವರಿಗೆ ತಲಾ 5,000. 2021ರ ಎರಡನೆಯ ಅಲೆಯಲ್ಲಿ ಹೂವು, ಹಣ್ಣು, ತರಕಾರಿ ಎಲ್ಲಕ್ಕೂ ಹೆಕ್ಟೇರಿಗೆ 10,000.

ಕೊಟ್ಟದ್ದು ತಪ್ಪು ಅಂತ ನಾವು ಹೇಳುತ್ತಿಲ್ಲ. ಮಿತಿ ಹಾಕಿದ್ದೂ ಸರಿಯೇ. ಆದರೆ ಅಳತೆಗೋಲು ಯಾವುದು? ಹೆಕ್ಟೇರು ಅಂದರೆ ಸುಮಾರು ಎರಡೂವರೆ ಎಕರೆ. ಹತ್ತು ಗುಂಟೆಯಲ್ಲಿ ಸೇವಂತಿಗೆ ಹಾಕಿದವನ ಪಾಲು ಎರಡೂವರೆ ಸಾವಿರದ ಆಸುಪಾಸು. ಭೂಮಿ ಹೆಚ್ಚಿದ್ದವನಿಗೆ ಹಸಿವೂ ಹೆಚ್ಚೇ?

ಅದಕ್ಕಿಂತ ದೊಡ್ಡ ಪ್ರಶ್ನೆ ‘ಬೆಳೆಗಾರ’ ಅನ್ನೋ ಪದದ್ದು. ಕಚೇರಿಯ ಪ್ರಕಾರ, ಪಹಣಿಯಲ್ಲಿ ಹೆಸರಿದ್ದವನೇ ಬೆಳೆಗಾರ. ದೇವರಾಜ ಅರಸು ಕಾಲದ 1974ರ ಭೂಸುಧಾರಣೆ ಗೇಣಿಯನ್ನು ರದ್ದು ಮಾಡಿತು. ಉಳುವವನೇ ಒಡೆಯ ಅಂದಿತು. ಬಹಳ ಗೇಣಿದಾರರು ಒಡೆಯರಾದರು, ಒಳ್ಳೆಯದೇ. ಆದರೆ ನಮ್ಮ ಕೇರಿಗಳಲ್ಲಿ ಬಹುಪಾಲು ಜನ ಗೇಣಿದಾರರೂ ಆಗಿರಲಿಲ್ಲ, ಜೀತದವರು, ಕೂಲಿಯವರು. ಅವರಿಗೆ ಅರ್ಜಿ ಹಾಕೋಕೂ ಕಾಗದ ಇರಲಿಲ್ಲ. ಇವತ್ತು ಅವರ ಮಕ್ಕಳು ಯಾರದೋ ಹೊಲವನ್ನು ಬಾಯಿಮಾತಿನ ಗುತ್ತಿಗೆಗೆ, ವಾರಕ್ಕೆ ಮಾಡುತ್ತಾರೆ. ಕಾನೂನಿನಲ್ಲಿ ಗೇಣಿ ಇಲ್ಲ, ಆದ್ದರಿಂದ ಗೇಣಿಯವನೂ ಇಲ್ಲ! ಬೀಜ, ಗೊಬ್ಬರದ ಸಾಲ ಇವನದು, ಪರಿಹಾರ ಪಹಣಿಯವನದು. ‘ಗಿಡ ನೆಟ್ಟೋನು ನಾನು, ದುಡ್ಡು ಅವರ ಖಾತೆಗೆ ಯಾಕೆ ಬಿತ್ತು ಸಾಮಿ?’ ಅಂತ ಅವನು ಕೇಳಿದರೆ ತಾಲ್ಲೂಕು ಕಚೇರಿಯಲ್ಲಿ ಉತ್ತರ ಇದೆಯೇ?

ಅದೇ 2020ರಲ್ಲಿ ಸರ್ಕಾರ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ಕಿತ್ತುಹಾಕಿತು. ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದು ಅಂತಾಯಿತು. ಉಳುವವನೇ ಒಡೆಯ ಹೋಗಿ ಕೊಳ್ಳುವವನೇ ಒಡೆಯ. ಒಂದು ಕೈಯಲ್ಲಿ ಪರಿಹಾರ, ಇನ್ನೊಂದು ಕೈಯಲ್ಲಿ ಭೂಮಿಯ ಹರಾಜು.

ಇನ್ನು ಕಲಾಸಿಪಾಳ್ಯಕ್ಕೆ ಬನ್ನಿ. ರಾತ್ರಿ ಬಂದ ಲಾರಿಯಿಂದ ಮೂಟೆ ಇಳಿಸಿ ಮಂಡಿಗೆ ಹೊತ್ತ ಬೆನ್ನುಗಳಿಲ್ಲದೆ ಯಾವ ಹೆಕ್ಟೇರಿನ ಬೆಳೆ ಊರಿನ ತಟ್ಟೆ ಮುಟ್ಟುತ್ತಿತ್ತು? 2020ರ ಘೋಷಣೆಯಲ್ಲಿ ಅಗಸರು, ಕ್ಷೌರಿಕರು, ಆಟೊ ಚಾಲಕರು 5,000 ರೂಪಾಯಿಗೆ ಹೆಸರು ಪಡೆದರು. ಪಡೆಯಬೇಕಾದ್ದೇ. ಹಮಾಲಿ ಅನ್ನೋ ಪದ ಬಂದದ್ದು ಮುಂದಿನ ವರ್ಷ, 2,000 ರೂಪಾಯಿಗೆ. ಕೊಳೆತ ಸೊಪ್ಪಿನ ರಾಶಿಯಲ್ಲಿ ಆಯ್ದು ಮಾರುವ ತಾಯಂದಿರು ಯಾವ ಪಟ್ಟಿಗೆ ಸೇರಬೇಕು?

ನಾವು ಕೇಳೋದು ದಯೆಯನ್ನಲ್ಲ, ಲೆಕ್ಕವನ್ನು. ನಾಳೆ ಬರವೋ ನೆರೆಯೋ ಮತ್ತೊಂದು ರೋಗವೋ ಬಂದಾಗ, ಪರಿಹಾರದ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಲಿ. ಈ ಹೊಲ ಮಾಡಿದವರು ಯಾರು ಅಂತ ಕೇರಿಯವರನ್ನೂ ಕೇಳಲಿ. ಭೂಮಿ ಯಾರ ಹೆಸರಲ್ಲಿದೆ ಅಂತ ಪಹಣಿ ಹೇಳೀತು. ಅದರಲ್ಲಿ ದುಡಿದವರು ಯಾರು ಅಂತ ಹೇಳೋಕೆ ಊರಿಗೆ ಬಾಯಿ ಇದೆ.